ಹಿಮದಲ್ಲಿ ಹಾರ್ಮೋನಿಯಂ ತಳ್ಳಿದ್ದು

ಇಂಗ್ಲೆಂಡಿಗೆ ಹೋಗಿ ಬಂದವನು ಲಂಡನ್ನಿನ ಗಡಿಯಾರದ ಗೋಪುರ, ರಾಣಿಯ ಅರಮನೆ, ನೆಲದಡಿಯ ರೈಲು ಇವುಗಳ ಬಗ್ಗೆ ಬರೆಯದಿದ್ದರೆ ಹೋಗಿದ್ದೇ ಸುಳ್ಳು ಅನ್ನುವ ಜನ ನಮ್ಮಲ್ಲಿದ್ದಾರೆ. ಅವರ ಸಮಾಧಾನಕ್ಕೆ ಹೇಳಿಬಿಡುತ್ತೇನೆ. ಮೂರನ್ನೂ ನೋಡಿದೆ. ಗೋಪುರ ಮಂಜಿನಲ್ಲಿ ಮುಳುಗಿತ್ತು, ಅರಮನೆಯ ಗೇಟು ಹಾಕಿತ್ತು, ರೈಲು ಹತ್ತಿ ತಪ್ಪು ದಿಕ್ಕಿಗೆ ಹೋಗಿ ವಾಪಸ್ ಬಂದೆ. ನಾನು ಹೇಳಬೇಕೆಂದು ಕೂತಿರುವುದು ಬೇರೆಯದೇ ವಿಷಯ, ಒಂದು ಹಳೇ ಹಾರ್ಮೋನಿಯಮ್ಮಿನದು. ಅದು ನನ್ನ ಮಾನ ಕಳೆಯಲು ಹೊರಟು, ಕೊನೇ ಗಳಿಗೆಯಲ್ಲಿ ಉಳಿಸಿತು.

ಮಧುಗಿರಿ ಬಸ್ ಸ್ಟ್ಯಾಂಡ್

ನಾನು ಮಧುಗಿರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಟ್ಟಿದ್ದು ಕೊಡಿಗೇನಹಳ್ಳಿ. ಅರವತ್ತರ ದಶಕದ ಮೊದಮೊದಲಲ್ಲಿ ಮೇಷ್ಟ್ರುಗಳನ್ನು ಒಂದು ವರ್ಷದ ತರಬೇತಿಗೆ ವಿಲಾಯತಿಗೆ ಕಳಿಸುವಾಗ ಅವರ ಜೊತೆ ನನ್ನ ಹೆಸರೂ ಬಂತು. ಯಾಕೆ ಬಂತೆಂದು ನಮ್ಮ ಹೆಡ್‌ಮಾಸ್ಟರಿಗೂ ತಿಳಿಯಲಿಲ್ಲ. ಬೀಳ್ಕೊಡುಗೆಯ ಭಾಷಣದಲ್ಲಿ ಅವರು ಅದನ್ನೇ ಹೇಳಿದರು.

ವಿಜ್ಞಾನ ನನ್ನ ಹೊಟ್ಟೆಪಾಡು. ಹುಚ್ಚು ಇದ್ದದ್ದು ನಾಟಕದ ಹಾರ್ಮೋನಿಯಮ್ಮಿನ ಮೇಲೆ. ಶಿರಾದ ಇಮಾಂ ಸಾಬರು ನನ್ನ ಗುರು. ಪೇಟೆಯ ಸಣ್ಣ ಅಂಗಡಿಯಲ್ಲಿ ಕೆಟ್ಟ ಹಾರ್ಮೋನಿಯಂ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತ, ಸುಗ್ಗಿ ಮುಗಿದ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ನಾಟಕ ಕಲಿಸುತ್ತಿದ್ದರು. ಮದಲೂರಿನಿಂದ ವೈ.ಎನ್. ಹೊಸಕೋಟೆವರೆಗೆ ಅವರ ಪೆಟ್ಟಿಗೆ ಇಳಿಯದ ಊರಿಲ್ಲ. ರಜೆಯಲ್ಲಿ ನಾನೂ ಅವರ ಹಿಂದೆ ಹೋಗುತ್ತಿದ್ದೆ. ಪಾವಗಡದ ಕಡೆಯ ಒಬ್ಬ ಭೀಮ ಒಂದು ಸಾಲನ್ನು ಕನ್ನಡದಲ್ಲಿ ಎತ್ತಿ ಮುಂದಿನದನ್ನು ತೆಲುಗಿನಲ್ಲಿ ಇಳಿಸುತ್ತಿದ್ದ. ಶ್ರುತಿ ಮಾತ್ರ ಅವನಿಗೆ ಎರಡು ಭಾಷೆಯಲ್ಲೂ ನಿಲ್ಲುತ್ತಿರಲಿಲ್ಲ. ಅವನು ಶ್ರುತಿ ಬಿಟ್ಟು ಕೆಳಗಿಳಿದರೆ ಸಾಬರು ಮುಖ ಕೂಡ ಬದಲಿಸದೆ ತಮ್ಮ ಬೆರಳುಗಳನ್ನು ಕೆಳಗಿನ ಸ್ವರದ ಮನೆಗಳಿಗೆ ಸರಿಸಿಕೊಂಡು ಅವನ ಹಿಂದೆಯೇ ಹೋಗುತ್ತಿದ್ದರು. ಕೂತಿದ್ದ ಜನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ.

‘ಅವನ್ ಬಾಯಿ ನೋಡ್ಲಾ, ನಿನ್ ಬೆರಳ್ನ ಏನ್ ನೋಡ್ತೀಯ?’ ಎಂದು ನನಗೆ ಗದರುತ್ತಿದ್ದರು. ‘ಹಾಡೋನು ರಾಜ. ನಾವು ಛತ್ರಿ ಹಿಡಿಯೋರು. ಅವ್ನು ಗುಂಡೀಗಿಳಿದ್ರೂ ಛತ್ರಿ ಅವ್ನ ತಲೆ ಮ್ಯಾಲೇ ಇರ್ಬೇಕು.’

ಹೊರಡುವ ದಿನ ಅವ್ವ ಬಸ್ ಸ್ಟ್ಯಾಂಡಿಗೆ ಒಂದು ಕರಿ ಕಂಬಳಿ ಹೊತ್ತು ತಂದಿದ್ದಳು. ಮೂರು ಸೂಟ್‌ಕೇಸಿನಷ್ಟು ಜಾಗ ತಿನ್ನುವ ಕಂಬಳಿ. ಅಲ್ಲಿ ಬೇಕಾದಷ್ಟು ಉಣ್ಣೆ ಬಟ್ಟೆ ಸಿಗುತ್ತದೆ ಎಂದೆ.

‘ಸಿಕ್ಲಿ ಬುಡು. ಅವ್ರ್ ಉಣ್ಣೆ ಅವ್ರಿಗೆ, ನಮ್ದು ನಮ್ಗೆ. ತಗಂಡೋಗು,’ ಎಂದಳು. ಆಮೇಲೆ ದನಿ ತಗ್ಗಿಸಿ, ‘ತಿನ್ನಬಾರ್ದುದ್ದ ತಿಂದ್ಬುಟ್ಟು ಬರ್ಬ್ಯಾಡ ಕಣ್ಲಾ’ ಎಂದಳು.

ಬಸ್ಸು ಕೊರಟಗೆರೆಯಲ್ಲಿ ಪಂಕ್ಚರ್ ಆಯಿತು. ರಸ್ತೆ ಬದಿಯಲ್ಲಿ ಕಂಬಳಿ ಮೇಲೆ ಕೂತು, ಇಲ್ಲಿಂದ ವಾಪಸ್ ಹೋದರೆ ಸಂಜೆಯೊಳಗೆ ಮನೆ ಸೇರಬಹುದಲ್ಲ ಎಂದು ಯೋಚಿಸಿದೆ. ಅಷ್ಟರಲ್ಲಿ ಚಕ್ರ ಹಾಕಿಬಿಟ್ಟರು.

ಗುಡ್ಡದ ಊರು

ಹಡಗಿನ ವಿಷಯ ನಾನು ಹೇಳುವುದಿಲ್ಲ. ಹೆಚ್ಚು ದಿನ ಮಲಗೇ ಇದ್ದೆ.

ನನ್ನನ್ನು ಕಳಿಸಿದ್ದು ಇಂಗ್ಲೆಂಡಿನ ಉತ್ತರಕ್ಕೆ, ಯಾರ್ಕ್‌ಷೈರಿನ ಒಂದು ಉಣ್ಣೆ ಗಿರಣಿಯ ಊರಿಗೆ. ಊರಿಗೆ ಊರೇ ಗುಡ್ಡದ ಮೇಲೆ ಹತ್ತಿ ಕೂತಿತ್ತು. ಮನೆ, ಬೇಲಿ, ರಸ್ತೆ ಎಲ್ಲ ಮಸಿ ಹಿಡಿದ ಕಲ್ಲು. ಕಲ್ಲಿಗೆ ಹೊಸಬನಲ್ಲದ ನನಗೆ ಅದು ಸ್ವಲ್ಪ ಧೈರ್ಯ ಕೊಟ್ಟಿತು. ಆದರೆ ನಮ್ಮ ಮಧುಗಿರಿಯ ಬಂಡೆ ಬಿಸಿಲು ಕುಡಿದು ರಾತ್ರಿಯವರೆಗೆ ಬೆಚ್ಚಗಿರುತ್ತದೆ. ಇವರ ಕಲ್ಲು ಹುಟ್ಟಿದಾಗಿನಿಂದ ಒದ್ದೆ.

ನಾನು ಇದ್ದದ್ದು ಮಿಸೆಸ್ ಹಾರ್ಗ್ರೀವ್ಸ್ ಎಂಬಾಕೆಯ ಮನೆಯಲ್ಲಿ, ಬಾಡಿಗೆಯ ಕೋಣೆಯಲ್ಲಿ. ದಪ್ಪ ಕೈಗಳ, ಜೋರು ಮಾತಿನ ಹೆಂಗಸು. ಮೊದಲ ದಿನವೇ ನನ್ನನ್ನು ‘ಲವ್’ ಎಂದು ಕರೆದರು. ನನ್ನ ಕಿವಿ ಬಿಸಿಯಾಯಿತು. ಮರುದಿನ ಹಾಲಿನವನನ್ನೂ, ಅಂಚೆಯವನನ್ನೂ, ಬೆಕ್ಕನ್ನೂ ಹಾಗೆಯೇ ಕರೆದದ್ದು ಕೇಳಿದ ಮೇಲೆ ನಿರಾಳವಾಯಿತು. ನಮ್ಮಲ್ಲಿ ಎಲ್ಲರೂ ‘ಕಣಪ್ಪ’ ಆಗುವ ಹಾಗೆ ಅಲ್ಲಿ ಎಲ್ಲರೂ ಲವ್. ಅವರ ಗಂಡ ಆರ್ಥರ್ ಗಿರಣಿಯಲ್ಲಿ ಕೆಲಸ ಮಾಡುವವರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ನನ್ನ ಕಂಬಳಿಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ‘ಇದನ್ನು ಹೊದ್ದವನಿಗೆ ಚರ್ಮ ಉಳಿದಿದೆಯೇ?’ ಎಂದರು. ಆ ದಿನದ ಮಾತು ಅಷ್ಟರಲ್ಲೇ ಮುಗಿಯಿತು.

ಮೊದಲ ತಿಂಗಳುಗಳು ಕೆಟ್ಟದಾಗಿದ್ದವು. ನನ್ನ ಇಂಗ್ಲಿಷ್ ಅವರಿಗೆ ತಿಳಿಯದು, ಅವರದು ನನಗೆ ತಿಳಿಯದು. ತರಗತಿಯಲ್ಲಿ ಎಲ್ಲರೂ ನಕ್ಕ ಮೇಲೆ ನಾನೂ ನಗುತ್ತಿದ್ದೆ. ಮಧ್ಯಾಹ್ನದ ಕಾಫಿ ಹೊತ್ತಿಗೇ ಕತ್ತಲು. ಒಂದು ದಿನ ಮಿಸೆಸ್ ಹಾರ್ಗ್ರೀವ್ಸ್ ಜೊತೆ ಅವರ ಪ್ರಾರ್ಥನಾ ಮಂದಿರಕ್ಕೆ ಏನೋ ಸಾಮಾನು ಇಡಲು ಹೋದೆ. ಹಿಂಬದಿಯ ಕೋಣೆಯ ಮೂಲೆಯಲ್ಲಿ ಅದು ನಿಂತಿತ್ತು: ಕಾಲಿನಿಂದ ತುಳಿಯುವ ಹಾರ್ಮೋನಿಯಂ. ನಮ್ಮ ನಾಟಕದ ಕಂಪನಿಗಳಲ್ಲಿ ಇರುವಂಥದ್ದೇ. ಹೊರದೇಶದಲ್ಲಿ ಸೋದರಮಾವ ಎದುರಾದ ಹಾಗಾಯಿತು. ಕೇಳದೆ ಮಾಡದೆ ಕೂತು ತುಳಿದುಬಿಟ್ಟೆ. ಭೀಮನ ಪ್ರವೇಶದ ಮಟ್ಟು ನುಡಿಸುತ್ತ ನನ್ನ ಕಣ್ಣಲ್ಲಿ ನೀರು ಬಂತು. ಅವರು ಬಾಗಿಲಲ್ಲಿ ನಿಂತು ಕೇಳಿದರು, ಏನೂ ಹೇಳಲಿಲ್ಲ.

ಹೇಳಿದ್ದು ಆ ವಾರ ಮಂದಿರದ ಸಭೆಯಲ್ಲಿ, ನನ್ನನ್ನು ಒಂದು ಮಾತೂ ಕೇಳದೆ.

ಹಿಂಬದಿಯ ಕೋಣೆ

ವಿಷಯ ಇದು. ಆ ಊರಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಂಜೆ ಮಂದಿರದ ಮೇಳದವರು ಹಾರ್ಮೋನಿಯಮ್ಮನ್ನು ತಳ್ಳುಗಾಡಿಯ ಮೇಲೆ ಇಟ್ಟುಕೊಂಡು, ಬೀದಿ ಬೀದಿಯಲ್ಲಿ ನಿಂತು ಹಾಡುತ್ತ ಗುಡ್ಡ ಹತ್ತುತ್ತಾರೆ. ಅವರಿಗೆ ಅದು ಕ್ಯಾರಲ್. ನಮಗೆ ಧನುರ್ಮಾಸದ ಭಜನೆ ಇದ್ದಂತೆ. ಕಾಲವೂ ಅದೇ, ಚಳಿಯೂ ಇದೆ. ನಮ್ಮವರು ಬೆಳಗಿನ ಜಾವ ಹೋಗುತ್ತಾರೆ, ಇವರು ಸಂಜೆ. ನಮಗೆ ಕೊನೆಯಲ್ಲಿ ಹುಗ್ಗಿ, ಇವರಿಗೆ ದ್ರಾಕ್ಷಿ ತುಂಬಿದ ಸಣ್ಣ ಕಡುಬು.

ವರ್ಷಾನುಗಟ್ಟಲೆ ಪೆಟ್ಟಿಗೆ ನುಡಿಸಿದವರು ವಿಟೇಕರ್ ಎಂಬ ಮುದುಕರು. ಆ ವರ್ಷ ಅವರಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಗುಡ್ಡದ ತುದಿಯ ಕಡೇ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಮಂದಿರದ ಕಾರ್ಯದರ್ಶಿ ಹೊಸ ಕಾಲದವರು. ಪೆಟ್ಟಿಗೆಯ ಗೊಡವೆ ಯಾಕೆ, ಒಂದು ಮೋಟಾರು ಕಾರಿನ ಮೇಲೆ ಲೌಡ್‌ಸ್ಪೀಕರ್ ಕಟ್ಟಿ ರೆಕಾರ್ಡು ಹಾಕಿದರೆ ಮುಗಿಯಿತು, ಯಾರ ಗಂಟಲೂ ಕೆಡುವುದಿಲ್ಲ ಎಂದರಂತೆ. ಆಗ ಮಿಸೆಸ್ ಹಾರ್ಗ್ರೀವ್ಸ್ ಎದ್ದು ನಿಂತು, ‘ನುಡಿಸುವವರು ನಮ್ಮ ಮನೆಯಲ್ಲೇ ಇದ್ದಾರೆ’ ಎಂದುಬಿಟ್ಟಿದ್ದರು. ಕೊನೆಗೆ, ಈ ವರ್ಷ ನೋಡೋಣ, ಕೆಟ್ಟರೆ ಮುಂದಿನ ವರ್ಷದಿಂದ ರೆಕಾರ್ಡು ಎಂದು ತೀರ್ಮಾನವಾಯಿತು.

‘ನನ್ನ ಮಾತು ಹೋಗಬಾರದು, ಲವ್,’ ಎಂದರು ರೊಟ್ಟಿಗೆ ಬೆಣ್ಣೆ ಸವರುತ್ತ. ‘ವಿಟೇಕರ್ ಕಿಟಕಿ ತೆರೆಸಿಕೊಂಡು ಕಾಯುತ್ತಾರೆ.’

ನಾನು ಹಿಂದೂ, ಅವರದು ಯೇಸುವಿನ ಹಾಡು ಎಂಬ ಸಂಕೋಚ ನನಗೆ ಬರಲಿಲ್ಲ. ಶಿರಾದ ಸಾಬರೊಬ್ಬರು ಪೆಟ್ಟಿಗೆ ಹಿಡಿದು ರಾಮನನ್ನು ಕಾಡಿಗೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದುದನ್ನು ನೋಡಿ ಬೆಳೆದವನು ನಾನು. ನನ್ನ ಹೆದರಿಕೆಯೇ ಬೇರೆ. ಅವರ ಸಂಗೀತದ ಚುಕ್ಕಿ ಗೆರೆಯ ಬರವಣಿಗೆ ನನಗೆ ಓದಲು ಬಾರದು. ಮಿಸೆಸ್ ಹಾರ್ಗ್ರೀವ್ಸ್ ಪಾತ್ರೆ ತೊಳೆಯುತ್ತ ಗುನುಗಿದ್ದನ್ನು ಕೇಳಿ ಕೇಳಿ ಮಟ್ಟುಗಳನ್ನು ಕಲಿತೆ. ಅವುಗಳಲ್ಲಿ ಕುರಿ ಕಾಯುವವರ ಹಾಡೊಂದು ನನಗೆ ಬಹಳ ಹಿಡಿಸಿತು. ಕುರುಬರು ರಾತ್ರಿ ಹಿಂಡಿನ ಹತ್ತಿರ ಕೂತಿದ್ದಾಗ ಆಕಾಶದಲ್ಲಿ ಬೆಳಕು ಕಂಡು ಹೆದರುತ್ತಾರೆ. ಮದಲೂರು ಕೆರೆಯ ಬಯಲಿನಲ್ಲಿ ಕುರಿ ತರುಬಿ ಕಂಬಳಿ ಹೊದ್ದು ಕೂತವರನ್ನು ಕಂಡವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಭ್ಯಾಸದ ಮೊದಲ ದಿನ. ಹದಿನೈದಿಪ್ಪತ್ತು ಜನ ಬೆಂಚುಗಳ ಮೇಲೆ ಕೂತಿದ್ದರು. ಆರ್ಥರ್ ಹಿಂದಿನ ಸಾಲಿನಲ್ಲಿ. ನಾನು ನಮ್ಮ ಕ್ರಮದಂತೆ ಮೊದಲು ಎಡಗೈಯಲ್ಲಿ ಷಡ್ಜ ಪಂಚಮ ಹಿಡಿದು ಶ್ರುತಿ ನಿಲ್ಲಿಸಿದೆ. ಪೆಟ್ಟಿಗೆ ಗುಂಯ್ ಅನ್ನತೊಡಗಿತು. ಅವರೆಲ್ಲ ಮುಖ ಮುಖ ನೋಡಿಕೊಂಡರು. ಆರ್ಥರ್ ಎದ್ದು ಹೊರಗೆ ಹೋದರು. ಏನೋ ಅವಸರದ ಕೆಲಸ ಇರಬೇಕೆಂದುಕೊಂಡೆ. ಬಂದಾಗ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿ, ಒಳಗೆ ತಲೆ ಹಾಕಿ ಹುಡುಕಿದರು. ಮನೆ ಸಿಕ್ಕಿಕೊಂಡು ಒಂದೇ ಸ್ವರ ಕೂಗುತ್ತಿದೆ ಎಂದು ಅವರ ಎಣಿಕೆ. ಅದು ರೋಗವಲ್ಲ, ಶ್ರುತಿ, ನಾನೇ ಬೇಕೆಂದು ಹಿಡಿದದ್ದು ಎಂದು ಹೇಳುವಷ್ಟರಲ್ಲಿ ನನಗೆ ಬೆವರಿತು. ಶ್ರುತಿ ಇಲ್ಲದೆ ಹಾಡುವುದು ನನಗೆ ನೆಲವಿಲ್ಲದೆ ನಡೆದ ಹಾಗೆ. ಆದರೂ ಕೈ ತೆಗೆದೆ.

ಆಮೇಲೆ ಹಾಡು ಶುರುವಾಯಿತು. ಅಷ್ಟೇ ಬೇಗ ನಿಂತೂ ಹೋಯಿತು. ನಾನು ಸಾಬರ ಪಾಠದಂತೆ ಹಾಡುವವರ ಬಾಯಿ ನೋಡುತ್ತ ಅರ್ಧ ಉಸಿರು ಹಿಂದೆ ಬರುತ್ತಿದ್ದೆ. ಅವರು ನನ್ನ ಕೈ ನೋಡುತ್ತಿದ್ದರು. ನಾನು ತಡೆದರೆ ಅವರೂ ತಡೆದರು, ಅವರು ತಡೆದದ್ದಕ್ಕೆ ನಾನು ಇನ್ನೂ ತಡೆದೆ. ಕಡಿದಾದ ಏರಿನಲ್ಲಿ ನಮ್ಮ ಬಸ್ಸಿನ ಹಾಗೆ ಹಾಡು ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ಒಂದೇ ಅಕ್ಷರದ ಮೇಲೆ ಎಲ್ಲರೂ ಬಾಯಿ ತೆರೆದು ನಿಂತೆವು.

‘ನೀವು ಯಾಕೆ ಕಾಯುತ್ತಿದ್ದೀರಿ?’ ಎಂದರು ಮಿಸೆಸ್ ಹಾರ್ಗ್ರೀವ್ಸ್.

‘ನೀವು ಹಾಡಲಿ ಎಂದು.’

‘ನಾವು ಕಾಯುತ್ತಿದ್ದದ್ದು ನೀವು ನುಡಿಸಲಿ ಎಂದು.’

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ದೇಶದಲ್ಲಿ ನಗುವಿನ ಕಾರಣ ತಿಳಿದು ನಕ್ಕದ್ದು ಅದೇ ಮೊದಲು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಲೌಡ್‌ಸ್ಪೀಕರಿನವನಿಗೆ ಮುಂಚೆಯೇ ಹೇಳಿಟ್ಟಿರುವುದು ಒಳ್ಳೆಯದು ಎಂದು ಗೊಣಗಿದರು.

ಮುಂದಿನ ಅಭ್ಯಾಸಗಳಲ್ಲಿ ನಾನು ತಲೆ ತಗ್ಗಿಸಿಕೊಂಡು, ಯಾರ ಬಾಯನ್ನೂ ನೋಡದೆ, ಮುಂದೆ ಮುಂದೆ ಹೋದೆ. ಗುರುವಿಗೆ ದ್ರೋಹ ಬಗೆದ ಹಾಗೆ ಅನ್ನಿಸುತ್ತಿತ್ತು. ಆದರೆ ಹಾಗೆ ಹೋದಾಗಲೇ ನನಗೆ ಅವರ ಹಾಡು ಕೇಳಿಸಿದ್ದು. ಮೊದಲು ನಾನು, ಇವರಲ್ಲಿ ಕಾಲು ಭಾಗ ಸರಿಯಾಗಿ ಹಾಡುತ್ತಾರೆ, ಮಿಕ್ಕವರು ತಪ್ಪು ಹಾಡುತ್ತಾರೆ, ದಾಕ್ಷಿಣ್ಯಕ್ಕೆ ಯಾರೂ ಹೇಳುವುದಿಲ್ಲ ಎಂದೇ ತಿಳಿದಿದ್ದೆ. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಎಲ್ಲರೂ ಹಾಗೆಯೇ ಹೇಳಬೇಕು. ಬೇರೆ ಸ್ವರ ಹಿಡಿದವನಿಗೆ ಮೊಣಕೈ ತಿವಿತ. ಇವರು ಒಂದೇ ಮಾತನ್ನು ನಾಲ್ಕು ದಾರಿಯಲ್ಲಿ ಹಾಡುತ್ತಾರೆ. ಹೆಂಗಸರದು ಎರಡು, ಗಂಡಸರದು ಎರಡು. ಕಂಬಳಿಯನ್ನು ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಕೊಡವಿದಾಗ ಅದು ಹೇಗೆ ಅಗಲವಾಗಿ ಗಾಳಿ ತುಂಬಿಕೊಂಡು ಏಳುತ್ತದೋ ಹಾಗೆ ಎದ್ದಿತು ಹಾಡು. ದಿನಕ್ಕೆ ನಾಲ್ಕು ಮಾತಾಡುವ ಆರ್ಥರ್ ಅವರ ದನಿ ಎಲ್ಲಕ್ಕಿಂತ ಕೆಳಗೆ ಇತ್ತು. ಅದು ನನ್ನ ಕಿವಿಗೆ ಬರುವ ಮುಂಚೆ ಹಲಗೆಯ ಮೂಲಕ ಅಂಗಾಲಿಗೆ ಬರುತ್ತಿತ್ತು. ನನ್ನಿಂದ ಕಿತ್ತುಕೊಂಡ ಶ್ರುತಿ ಅಲ್ಲಿತ್ತು. ಅವರೇ ನೆಲ. ನನಗೆ ಹೇಳಲಾರದಷ್ಟು ಸುಖವಾಯಿತು.

ಕಡೇ ಮನೆ

ಹಾಡಿನ ಸಂಜೆ ಹಿಮ ಬೀಳತೊಡಗಿತು. ಕಲ್ಲಿದ್ದಲಿನವನ ತಳ್ಳುಗಾಡಿ ಗುಡಿಸಿ ತಂದಿದ್ದರು. ಪೆಟ್ಟಿಗೆಯನ್ನು ಅದರ ಮೇಲೆ ಹಗ್ಗ ಹಾಕಿ ಕಟ್ಟಿ, ನನ್ನನ್ನು ಅದರ ಎದುರು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಪೆಟ್ಟಿಗೆ ನೆನೆಯಬಾರದೆಂದು ಅವ್ವನ ಕಂಬಳಿ ಹೊದಿಸಿದೆ. ನೀರು ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಆರ್ಥರ್ ಅದನ್ನು ನೋಡಿ ತಲೆಯಾಡಿಸಿದರು.

ಗಾಡಿಯನ್ನು ಗಂಡಸರು ತಳ್ಳಿದರು. ಕಾರ್ಯದರ್ಶಿ ಲಾಟೀನು ಹಿಡಿದು ಮುಂದೆ ನಡೆದರು, ಮುಖ ಗಂಟಿಕ್ಕಿಕೊಂಡು. ಮೂಲೆ ಮೂಲೆಯಲ್ಲಿ ನಿಂತು ಹಾಡಿದೆವು. ಬಾಗಿಲುಗಳು ತೆರೆದವು. ತಿಂಗಳುಗಟ್ಟಲೆ ನನ್ನನ್ನು ಕಂಡರೂ ಕಾಣದ ಹಾಗೆ ಹೋಗುತ್ತಿದ್ದ ಜನ ಹೊಸ್ತಿಲಲ್ಲಿ ನಿಂತು, ಗಾಡಿಯ ಮೇಲೆ ಕುಳಿತ ಮಫ್ಲರ್ ಸುತ್ತಿದ ಕಪ್ಪು ಮನುಷ್ಯನನ್ನು ನೋಡಿ, ಮೊದಲು ಬೆರಗಾಗಿ, ಆಮೇಲೆ ತಾವೂ ದನಿಗೂಡಿಸಿದರು. ಒಬ್ಬಾಕೆ ಬಿಸಿ ಶುಂಠಿ ಪಾನಕ ತಂದು ನನ್ನ ಕೈಗೇ ಕೊಟ್ಟಳು. ಗಂಟಲಿಗಿಂತ ಬೆರಳಿಗೆ ಅದು ಹೆಚ್ಚು ಬೇಕಾಗಿತ್ತು.

ಕಡೇ ಮನೆ ವಿಟೇಕರ್ ಅವರದು. ಮೇಲಿನ ಕಿಟಕಿ ತೆರೆದಿತ್ತು, ಒಳಗೆ ದೀಪವಿತ್ತು. ಕುರಿ ಕಾಯುವವರ ಹಾಡು ಎತ್ತಿಕೊಂಡೆವು. ಪೆಟ್ಟಿಗೆಯ ಐದನೇ ಬಿಳಿ ಮನೆ, ಬಿಳಿ ಐದರ ಶ್ರುತಿ. ಎರಡನೇ ಚರಣ ಶುರುವಾಗುತ್ತಲೇ ನನ್ನ ಬಲಗಾಲಿನಡಿ ಟಪ್ ಎಂದಿತು. ತುಳಿಯುವ ಹಲಗೆಯನ್ನು ತಿದಿಗೆ ಕಟ್ಟಿದ್ದ ಪಟ್ಟಿ ಹರಿದುಹೋಗಿತ್ತು. ಎಡಗಾಲಿನದು ಬರುವಾಗಲೇ ಸಡಿಲವಾಗಿತ್ತು. ಪೆಟ್ಟಿಗೆ ಒಮ್ಮೆ ನಿಟ್ಟುಸಿರು ಬಿಟ್ಟು ಸುಮ್ಮನಾಯಿತು.

ನಮ್ಮ ನಾಟಕದಲ್ಲಿ ಪೆಟ್ಟಿಗೆ ನಿಂತರೆ ಭೀಮ ನಿಂತ, ಭೀಮ ನಿಂತರೆ ಜನ ಎದ್ದರು. ಮಿಸೆಸ್ ಹಾರ್ಗ್ರೀವ್ಸ್ ಮಾತು ಹೋಯಿತು, ಮುದುಕರು ಕೇಳುತ್ತಿದ್ದಾರೆ, ಮುಂದಿನ ವರ್ಷ ರೆಕಾರ್ಡು ಬಂತು ಎಂದುಕೊಂಡೆ. ಆದರೆ ಹಾಡು ನಿಲ್ಲಲಿಲ್ಲ. ನಾಲ್ಕು ಮೂಲೆಯವರೂ ತಮ್ಮ ತಮ್ಮ ಮೂಲೆ ಬಿಡದೆ ಹಿಡಿದು ಹಾಡುತ್ತಲೇ ಇದ್ದರು. ಆರ್ಥರ್ ಹಾಡುತ್ತಲೇ ಹಿಮದಲ್ಲಿ ಮಂಡಿಯೂರಿ, ಹಾಡುತ್ತಲೇ ತಮ್ಮ ಬೂಟಿನ ಲೇಸು ಬಿಚ್ಚಿ, ಪೆಟ್ಟಿಗೆಯ ಅಡಿಗೆ ಕೈ ಹಾಕಿ ನನ್ನ ಹಲಗೆಗೆ ಕಟ್ಟಿದರು. ಒಂದು ಸ್ವರವೂ ತಪ್ಪಲಿಲ್ಲ.

ಕೊನೇ ಚರಣ ಬಾಕಿ ಇತ್ತು. ತುಳಿದೆ. ಗಾಳಿ ತುಂಬಿತು. ಬಿಳಿ ಐದರ ಮೇಲೆ ಬೆರಳಿಟ್ಟು ಒತ್ತಬೇಕು, ಕಿವಿ ತಡೆಯಿತು. ಅವರ ಹಾಡು ಅಲ್ಲಿರಲಿಲ್ಲ. ಆಸರೆಯಿಲ್ಲದೆ ಹಾಡುತ್ತ ಹಾಡುತ್ತ ಎಲ್ಲರೂ ಸೇರಿ ಒಂದು ಸ್ವರದ ಮನೆ ಕೆಳಗೆ ಇಳಿದಿದ್ದರು, ಅವರಿಗೇ ಗೊತ್ತಿಲ್ಲದ ಹಾಗೆ. ನಾನು ಮೊದಲಿನ ಜಾಗದಲ್ಲೇ ನುಡಿಸಿದ್ದರೆ ಊರಿಗೆ ಊರೇ ಹಲ್ಲು ಕಡಿಯುವಂತೆ ಅಪಸ್ವರ ಹೊರಡುತ್ತಿತ್ತು. ತಲೆ ಎತ್ತಿದೆ. ತಿಂಗಳಿಂದ ನೋಡದೆ ಬಿಟ್ಟಿದ್ದ ಅವರ ಬಾಯಿಗಳನ್ನು ನೋಡಿದೆ. ಬೆರಳು ತಾನಾಗಿ ಪಕ್ಕದ ಕೆಳಮನೆ ಕಪ್ಪು ಮೂರಕ್ಕೆ ಸರಿಯಿತು, ಪಾವಗಡದ ಭೀಮನ ಹಿಂದೆ ಎಷ್ಟೋ ಸಲ ಸರಿದ ಹಾಗೆ. ಮೆಲ್ಲಗೆ ಸೇರಿಕೊಂಡೆ. ಪೆಟ್ಟಿಗೆ ಬಂದದ್ದು ಅವರಿಗೆ ತಿಳಿದದ್ದು ಹಾಡು ತುಂಬಿಕೊಂಡಾಗಲೇ. ಮಿಸೆಸ್ ಹಾರ್ಗ್ರೀವ್ಸ್ ಹಾಡುತ್ತ ನನ್ನ ಕಡೆ ನೋಡಿದರು. ಅವರ ಕೆನ್ನೆಯ ಮೇಲಿದ್ದದ್ದು ಹಿಮವೆಂದೇ ಇಟ್ಟುಕೊಳ್ಳೋಣ.

ವಿಟೇಕರ್ ನನ್ನನ್ನು ಮೇಲೆ ಕರೆಸಿಕೊಂಡರು. ದಿಂಬಿಗೆ ಒರಗಿ ಕೂತಿದ್ದರು. ಮಾತು ಒಂದು ಕಡೆಗೆ ವಾಲುತ್ತಿತ್ತು.

‘ಪೆಟ್ಟಿಗೆ ನಿಂತದ್ದು ಕೇಳಿಸಿತು. ಇವರು ಇಳಿದದ್ದೂ ಕೇಳಿಸಿತು,’ ಎಂದರು. ‘ಈಗ ನೀನು ಬಂದು ಕೆಡಿಸುತ್ತೀಯ ಅಂತ ಕಣ್ಣು ಮುಚ್ಚಿಕೊಂಡೆ. ಎಲ್ಲ ಕಪ್ಪು ಮನೆಗಳಿರುವ ಶ್ರುತಿ ಅದು. ನಾನಾಗಿದ್ದರೆ ವಾರ ಅಭ್ಯಾಸ ಮಾಡಬೇಕಿತ್ತು.’

‘ನಮ್ಮ ಕಡೆ ಒಬ್ಬ ಭೀಮನಿದ್ದ. ಅವನು ಅಭ್ಯಾಸ ಮಾಡಿಸಿದ್ದಾನೆ,’ ಎಂದೆ. ಅವರಿಗೆ ಏನು ಅರ್ಥವಾಯಿತೋ, ಬಲಗೈ ಚಾಚಿ ನನ್ನ ತಣ್ಣನೆ ಬೆರಳುಗಳನ್ನು ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಇಳಿಯುವಾಗ ಆರ್ಥರ್ ಒಂದು ಬೂಟು ಎಳೆಯುತ್ತ ನಡೆದರು. ಕಾರ್ಯದರ್ಶಿ ಲಾಟೀನು ತಗ್ಗಿಸಿ ಪೆಟ್ಟಿಗೆಯ ಅಡಿಯನ್ನೂ ಗಾಡಿಯ ಅಡಿಯನ್ನೂ ನೋಡಿ, ‘ಮುಂದಿನ ವರ್ಷಕ್ಕೆ ಗಟ್ಟಿ ಪಟ್ಟಿ ಹಾಕಿಸಬೇಕು. ಈ ಚಕ್ರವೂ ಆಗುವುದಿಲ್ಲ,’ ಎಂದರು. ಮಿಸೆಸ್ ಹಾರ್ಗ್ರೀವ್ಸ್ ಕಂಬಳಿಯ ಹಿಮ ಕೊಡವಿ ನನ್ನ ಹೆಗಲ ಮೇಲೆ ಹಾಕಿದರು.

ಶಿರಾ

ವಾಪಸ್ ಬಂದ ವಾರದಲ್ಲೇ ಇಮಾಂ ಸಾಬರ ಅಂಗಡಿಗೆ ಹೋದೆ. ಅವರು ಒಂದು ಪೆಟ್ಟಿಗೆಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದರು. ರಾಣಿ, ಅರಮನೆ ಯಾವುದನ್ನೂ ಅವರು ಕೇಳಲಿಲ್ಲ. ನಾನು ಹಿಮದ ಕಥೆ ಪೂರ್ತಿ ಹೇಳಿದೆ. ಹರಿದ ಪಟ್ಟಿಯ ಜಾಗಕ್ಕೆ ಬಂದಾಗ ಮಾತ್ರ ಕೈ ನಿಲ್ಲಿಸಿದರು.

‘ಎಷ್ಟ್ ಜನ ಹಾಡ್ತಿದ್ರು ಬೇಟಾ?’

‘ಒಂದಿಪ್ಪತ್ತು ಜನ ಇದ್ರು, ಉಸ್ತಾದ್. ನಾಲ್ಕು ಥರ ಹಾಡ್ತಿದ್ರು.’

‘ಅಷ್ಟೂ ಜನ ಒಟ್ಟಿಗೇ ಇಳಿದ್ರಾ? ಒಬ್ಬನಾದ್ರೂ ಮ್ಯಾಲೆ ಉಳೀಲಿಲ್ವ?’

‘ಒಬ್ಬರೂ ಉಳೀಲಿಲ್ಲ. ಅವ್ರು ಗುಂಡಿಗೆ ಇಳಿದ್ರು, ನಾನು ಛತ್ರಿ ಹಿಡ್ಕೊಂಡು ಹಿಂದೇನೇ ಹೋದೆ.’

ಸಾಬರು ತಲೆ ಅಲ್ಲಾಡಿಸಿದರು. ‘ಎಲ್ರೂ ಒಟ್ಟಿಗೆ ಇಳಿದ್ಮ್ಯಾಕೆ ಅದು ಗುಂಡಿ ಎಂಗಾಯ್ತದೆ? ಅದೇ ರಸ್ತೆ ಕಣ್ಲಾ,’ ಎಂದರು. ‘ಎಲ್ಲಿ, ಆ ಕುರಿ ಕಾಯೋರ ಹಾಡ್ನ ಒಂದ್ಸಲ ಹಿಡಿ, ನೋಡಾನ.’

ಅಲ್ಲಿದ್ದ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕಪ್ಪು ಮೂರಕ್ಕೆ ಬೆರಳಿಟ್ಟೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಸಾಬರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ನನ್ನ ಪಕ್ಕಕ್ಕೆ ಸರಿದು ಕೂತು, ಅದೇ ಪೆಟ್ಟಿಗೆಯ ಮೇಲೆ ಎಡಗೈಯಲ್ಲಿ ಶ್ರುತಿ ಹಿಡಿದರು.